ಬಾಗಿಲ ಮೇಲಿನ ಬರಹ

ಮಗಳು ಅರಬ್ ದೇಶದಲ್ಲಿದ್ದಾಳೆ ಎಂದರೆ ನಮ್ಮೂರಿನಲ್ಲಿ ಮೊದಲು ಕೇಳುವುದು ಚಿನ್ನದ ವಿಚಾರ. ‘ಅಲ್ಲಿ ಗ್ರಾಮಿಗೆ ಎಷ್ಟಂತೆ?’ ಆಮೇಲೆ ಬಿಸಿಲಿನ ವಿಚಾರ. 2023ರ ದಸರಾ ರಜೆಯಲ್ಲಿ ನಾನು ಸೌದಿ ಅರೇಬಿಯಾಕ್ಕೆ ಹೋಗಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲೂ ಇವೇ ಎರಡು ಪ್ರಶ್ನೆಗಳು. ಖರ್ಜೂರ ಹಂಚಿದೆ, ಎರಡಕ್ಕೂ ಉತ್ತರ ಹೇಳಿದೆ, ಪಾಠಕ್ಕೆ ಹೊರಟೆ. ಅಲ್ಲಿಂದ ನಾನು ಹೊತ್ತು ತಂದದ್ದು ಬೇರೆಯೇ ಒಂದಿತ್ತು. ಅದನ್ನು ಸ್ಟಾಫ್ ರೂಮಿನಲ್ಲಿ ಬಿಚ್ಚುವಂತಿರಲಿಲ್ಲ.

ಅಳಿಯಂದಿರಿಗೆ ಯಾನ್ಬುವಿನಲ್ಲಿ ಕೆಲಸ. ಕೆಂಪು ಸಮುದ್ರದ ದಡದಲ್ಲಿರುವ ಕಾರ್ಖಾನೆಗಳ ಊರು ಅದು. ಒಂದು ವಾರ ಮನೆಯಲ್ಲೇ ಕೂತು ಮೊಮ್ಮಗನಿಗೆ ಕಥೆ ಹೇಳುತ್ತಿದ್ದವಳನ್ನು ನೋಡಿ ಮಗಳು, ‘ಅಮ್ಮ, ನೀನು ಹಿಸ್ಟರಿ ಟೀಚರು. ಅಲ್ ಉಲಾ ನೋಡದೆ ವಾಪಸ್ ಹೋದರೆ ನಿನ್ನ ಮಕ್ಕಳು ನಗ್ತಾರೆ’ ಎಂದಳು. ‘ನನ್ನ ಮಕ್ಕಳು’ ಎಂದರೆ ಎಂಟನೇ ತರಗತಿ ‘ಎ’ ಸೆಕ್ಷನ್. ಸರಿ, ಮಗುವನ್ನು ಅಳಿಯಂದಿರ ಕೈಗೆ ಕೊಟ್ಟು ಬೆಳಗಿನ ಜಾವ ಐದಕ್ಕೆ ನಾವಿಬ್ಬರೇ ಹೊರಟೆವು. ಕಾರು ಓಡಿಸಿದ್ದು ಅವಳೇ. ಆ ದೇಶದಲ್ಲಿ ಹೆಂಗಸರಿಗೆ ಗಾಡಿ ಓಡಿಸಲು ಅಪ್ಪಣೆಯಾದದ್ದು 2018ರ ಜೂನ್ ತಿಂಗಳಿನಲ್ಲಿ. ಸ್ಟೇರಿಂಗಿನ ಮೇಲಿನ ಅವಳ ಕೈಯನ್ನೇ ನೋಡುತ್ತ ಕೂತಿದ್ದೆ. ಆ ಕೈ ಹಿಡಿದು ಅಕ್ಷರ ತಿದ್ದಿಸಿದ್ದು ನಾನಲ್ಲ, ನಮ್ಮಮ್ಮ. ನಾನು ಆ ಹೊತ್ತಿಗೆ ಬೇರೆಯವರ ಮಕ್ಕಳಿಗೆ ತಿದ್ದಿಸಲು ಹೋಗಿರುತ್ತಿದ್ದೆ.

ನಾಲ್ಕು ಗಂಟೆಗೂ ಹೆಚ್ಚಿನ ದಾರಿ. ಮರವಿಲ್ಲ, ಹಸಿರಿಲ್ಲ, ನಡುವೆ ಎಲ್ಲೋ ಒಂದಷ್ಟು ಒಂಟೆಗಳು. ಒಂದು ಕಡೆ ಕಣ್ಣು ಹಾಯುವಷ್ಟೂ ಕಪ್ಪು ಕಲ್ಲಿನ ಬಯಲು. ಯಾವ ಕಾಲದಲ್ಲೋ ಭೂಮಿಯೊಳಗಿಂದ ಉಕ್ಕಿ ಹರಿದು ತಣ್ಣಗಾದ ಲಾವಾ ಅದು. ನೋಡುತ್ತಿದ್ದಂತೆ ಆ ಕಪ್ಪು ಮುಗಿದು ಕೆಂಪು ಮರಳುಗಲ್ಲಿನ ಬೆಟ್ಟಗಳು ಎದ್ದವು. ಬೆಟ್ಟ ಎಂದರೆ ನಮ್ಮ ಕಡೆಯ ಹಾಗೆ ಉರುಟು ಬಂಡೆಯಲ್ಲ. ಗಾಳಿ ನೀರು ಸೇರಿ ಲಕ್ಷಾಂತರ ವರ್ಷ ಕೊರೆದು, ಒಂದನ್ನು ಅಣಬೆ ಮಾಡಿ, ಒಂದನ್ನು ಕಂಬ ಮಾಡಿ, ಒಂದನ್ನು ಸುಮ್ಮನೆ ತೂತು ಮಾಡಿ ಬಿಟ್ಟಿವೆ. ಇವುಗಳ ನಡುವೆ ಉದ್ದಕ್ಕೆ ಒಂದು ಕಣಿವೆ, ಕಣಿವೆಯ ತಳದಲ್ಲಿ ಖರ್ಜೂರದ ತೋಟಗಳು. ತೆಂಗಿನ ತೋಟದಲ್ಲಿ ಹುಟ್ಟಿದವಳಿಗೆ ಆ ಹಸಿರು ಕಂಡದ್ದೇ ಗಂಟಲಲ್ಲಿ ಏನೋ ಆಯಿತು.

ನಾವು ನೋಡಬೇಕಾಗಿದ್ದ ಜಾಗಕ್ಕೆ ಹೆಗ್ರಾ ಎಂದು ಹೆಸರು. ಅರಬರು ಅಲ್ ಹಿಜ್ರ್ ಎನ್ನುತ್ತಾರೆ, ಮದಾಇನ್ ಸಾಲಿಹ್ ಎಂದೂ ಕರೆಯುತ್ತಾರೆ. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ದೇಶದಿಂದ ಪಟ್ಟಿಗೆ ಸೇರಿದ ಮೊದಲ ಸ್ಥಳ ಇದೇ. ಸ್ವಂತ ಕಾರನ್ನು ಹೊರಗೇ ಬಿಟ್ಟು ಅವರ ಬಸ್ಸು ಹತ್ತಬೇಕು. ಸ್ವಾಗತದ ಕಟ್ಟಡದಲ್ಲಿ ಸಣ್ಣ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಾಫಿ, ಜೊತೆಗೆ ಖರ್ಜೂರ. ಆ ಕಾಫಿಗೆ ಹಾಲಿಲ್ಲ, ಸಕ್ಕರೆಯಿಲ್ಲ. ನಮ್ಮ ಕಡೆಯವರು ಅದನ್ನು ಕಷಾಯ ಎಂದೇ ಕುಡಿದಾರು. ಸ್ಥಳ ತೋರಿಸುವವರನ್ನು ‘ರಾವಿ’ ಎನ್ನುತ್ತಾರೆ, ಕಥೆ ಹೇಳುವವರು ಎಂದರ್ಥ. ನಮ್ಮ ಬಸ್ಸಿಗೆ ಬಂದವಳು ಅದೇ ಊರಿನ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಒಳ್ಳೆಯ ಇಂಗ್ಲಿಷ್, ಗಟ್ಟಿ ಧ್ವನಿ. ಒಳ್ಳೆಯ ಟೀಚರ್ ಆಗುತ್ತಿದ್ದಳು ಎಂದುಕೊಂಡೆ.

ಅವಳು ಮೊದಲೇ ಒಂದು ಮಾತು ಹೇಳಿದಳು. ಅವಳ ಹಿರಿಯರ ಕಾಲದಲ್ಲಿ ಜನ ಈ ಜಾಗದೊಳಗೆ ಕಾಲಿಡಲು ಹಿಂಜರಿಯುತ್ತಿದ್ದರಂತೆ. ಬೆಟ್ಟ ಕೊರೆದು ಮನೆ ಮಾಡಿಕೊಂಡ ಥಮೂದ್ ಎಂಬ ಜನ ಪ್ರವಾದಿ ಸಾಲಿಹರ ಮಾತು ಕೇಳದೆ, ಬಿಟ್ಟ ಒಂಟೆಯನ್ನು ಕೊಂದು ನಾಶವಾದ ಕಥೆ ಕುರಾನಿನಲ್ಲಿದೆ. ಪ್ರವಾದಿ ಮಹಮ್ಮದರು 630ರಲ್ಲಿ ತಬೂಕಿಗೆ ಹೋಗುವಾಗ ಈ ದಾರಿಯಲ್ಲೇ ಹಾದರಂತೆ. ಅಳುತ್ತ ಹೋಗುವುದಾದರೆ ಮಾತ್ರ ಆ ಜನರ ನೆಲೆಗಳನ್ನು ಹೊಕ್ಕಿರಿ, ಇಲ್ಲವಾದರೆ ಬೇಡ ಎಂದು ಜೊತೆಗಾರರಿಗೆ ಹೇಳಿದರಂತೆ. ಬಸ್ಸಿನಲ್ಲಿ ಕೆಲವರು ಆಗಲೇ ಫೋಟೋಕ್ಕೆ ತಲೆ ಬಾಚಿಕೊಳ್ಳುತ್ತಿದ್ದರು. ನಾನೂ ಸೆರಗು ಸರಿಮಾಡಿಕೊಂಡೆ, ಸುಳ್ಳೇಕೆ.

ಈಗ ನಿಂತಿರುವ ಕೆತ್ತನೆಗಳು ನಬಾತಿಯನ್ನರವು ಎಂದು ಚರಿತ್ರೆ ಬಲ್ಲವರು ಹೇಳುತ್ತಾರೆ. ಜೋರ್ಡಾನಿನ ಪೆಟ್ರಾ ಅವರ ರಾಜಧಾನಿ, ಇದು ತೆಂಕಣ ಪಟ್ಟಣ. ದಕ್ಷಿಣ ಅರೇಬಿಯಾದಿಂದ ಧೂಪಕ್ಕೆ ಹಾಕುವ ಸುಗಂಧದ ಅಂಟನ್ನು ಹೊತ್ತ ಒಂಟೆಗಳ ಸಾಲು ಇಲ್ಲಿ ಹಾದು ಉತ್ತರಕ್ಕೆ ಹೋಗಬೇಕಿತ್ತು. ಆ ವ್ಯಾಪಾರದಿಂದ ಈ ಮರಳುಗಾಡಿನ ಜನ ಸಿರಿವಂತರಾದರು. 106ರಲ್ಲಿ ರೋಮನ್ನರು ಅವರ ರಾಜ್ಯವನ್ನು ನುಂಗಿದರು. ಬದುಕಿದ್ದಾಗ ಅವರು ಇದ್ದದ್ದು ಹಸಿ ಇಟ್ಟಿಗೆಯ ಮನೆಗಳಲ್ಲಿ. ಅವೆಲ್ಲ ಮಣ್ಣಿಗೆ ಮಣ್ಣಾಗಿವೆ. ಸತ್ತ ಮೇಲೆ ಇರುವುದಕ್ಕೆಂದು ಬೆಟ್ಟದಲ್ಲಿ ಕೊರೆಸಿಕೊಂಡ ಗೋರಿಗಳು ಮಾತ್ರ ನಿಂತಿವೆ. ಒಟ್ಟು 111, ಅವುಗಳಲ್ಲಿ 94ಕ್ಕೆ ಅಲಂಕಾರದ ಮುಂಭಾಗವಿದೆ. ತಲೆಯ ಮೇಲೆ ಮೆಟ್ಟಿಲು ಮೆಟ್ಟಿಲಾದ ಕೆತ್ತನೆ, ಬಾಗಿಲ ಮೇಲೆ ಹದ್ದು, ಕೆಲವು ಕಡೆ ಎರಡು ಹಾವುಗಳ ನಡುವೆ ಒಂದು ಮುಖ. ಬಯಲಿನ ನಡುವೆ ಒಂದೇ ಬಂಡೆಯಲ್ಲಿ ಒಂಟಿಯಾಗಿ ನಿಂತಿರುವ ಕಸ್ರ್ ಅಲ್ ಫರೀದ್ ಸುಮಾರು 22 ಮೀಟರ್ ಎತ್ತರವಿದೆ. ಅದರ ಮೇಲ್ಭಾಗ ನುಣುಪು, ಕೆಳಭಾಗ ಒರಟು. ಮೇಲಿನಿಂದ ಕೆಳಕ್ಕೆ ಕೆತ್ತುತ್ತ ಬಂದವರು ಯಾವುದೋ ಕಾರಣಕ್ಕೆ ಅರ್ಧಕ್ಕೇ ಉಳಿ ಇಟ್ಟು ಹೋಗಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎತ್ತರವಲ್ಲ. ಅನೇಕ ಗೋರಿಗಳ ಬಾಗಿಲ ಮೇಲೆ ಚೌಕ ಮಾಡಿ ಬರಹ ಕೊರೆದಿದ್ದಾರೆ. ಯಾರದು, ಯಾವ ರಾಜನ ಎಷ್ಟನೆಯ ವರ್ಷದಲ್ಲಾಯಿತು, ಒಳಗೆ ಯಾರನ್ನು ಮಲಗಿಸಬಹುದು, ಯಾರನ್ನು ಕೂಡದು. ಕೆಲವದರಲ್ಲಿ ಕೆತ್ತಿದ ಕುಶಲಕರ್ಮಿಯ ಹೆಸರೂ ಇದೆ. ಮೀರಿದವರು ದೇವರಿಗೂ ರಾಜನಿಗೂ ದಂಡ ಕೊಡಬೇಕು, ದೂಶರಾ ಎಂಬ ಅವರ ದೇವರ ಶಾಪವೂ ತಟ್ಟಬೇಕು. ನಮ್ಮ ಶಾಸನಗಳ ಕೊನೆಯ ಸಾಲುಗಳನ್ನು ಓದಿದವರಿಗೆ ಇದು ಹೊಸತಲ್ಲ. ಈ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆ! ನಾನು ಪಾಠ ಮಾಡುವಾಗ ಹುಡುಗರು ಇಲ್ಲಿಗೆ ಬಂದಾಗ ಮಾತ್ರ ಎಚ್ಚರವಾಗುತ್ತಾರೆ.

ಆದರೆ ನಮ್ಮ ಶಾಸನಗಳಲ್ಲಿ ಹೆಚ್ಚಾಗಿ ರಾಜರು, ದಂಡನಾಯಕರು, ಮಹಾಜನರು. ಇಲ್ಲಿ ಹೆಂಗಸರು ತಮ್ಮ ಹೆಸರಿನಲ್ಲೇ ಬರೆಸಿದ್ದಾರೆ! ಕ್ರಿಸ್ತಪೂರ್ವ 1ರಷ್ಟು ಹಿಂದೆ ಕಮ್‌ಕಮ್ ಎಂಬವಳು ತನಗೂ ತನ್ನ ಮಗಳಿಗೂ ಅವರ ಸಂತತಿಗೂ ಎಂದು ಒಂದನ್ನು ಮಾಡಿಸಿದಳು. ತಾನು ಯಾರ ಮಗಳು ಎಂದು ಹೇಳುವಾಗ ಅವಳು ತಾಯಿಯ ಹೆಸರನ್ನೂ ಆ ತಾಯಿ ಯಾರ ಮಗಳು ಎಂಬುದನ್ನೂ ಹೇಳುತ್ತಾಳೆ. ಕೆಂಪು ಬೆಟ್ಟ ಎಂದು ಕರೆಯುವ ಜಬಲ್ ಅಲ್ ಅಹ್ಮರಿನಲ್ಲಿ ಹಿನಾತ್ ಎಂಬವಳದು ಇನ್ನೊಂದು. ವಹ್ಬು ಎಂಬವನ ಮಗಳು, ಕಾಲ ಕ್ರಿಸ್ತಶಕ 60–61. ಅವಳು ಹೇಳಿದ್ದು ಇಷ್ಟೇ: ಇದು ತನಗೆ, ತನ್ನ ಮಕ್ಕಳಿಗೆ, ಅವರ ಸಂತತಿಗೆ, ಎಂದೆಂದಿಗೂ. ಇದನ್ನು ಯಾರೂ ಮಾರಕೂಡದು, ಒತ್ತೆ ಇಡಕೂಡದು, ಬಾಡಿಗೆಗೆ ಬರೆದುಕೊಡಕೂಡದು.

ಆ ಹುಡುಗಿ ಇದನ್ನು ಇಂಗ್ಲಿಷಿನಲ್ಲಿ ಹೇಳಿ ಮುಂದೆ ನಡೆದಳು. ನನಗೆ ಮಾತ್ರ ಆ ಮಾತು ಕನ್ನಡದಲ್ಲಿ ಕೇಳಿಸಿತು. ಅದೂ ನೀಲಿ ಬಾಲ್‌ಪೆನ್ನಿನ ಬರಹದಲ್ಲಿ.

ಇದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮಮ್ಮ ತೀರಿಕೊಂಡದ್ದು 2014ರಲ್ಲಿ. ಊರಿನ ಮನೆ ಅವಳದ್ದು, ಅಪ್ಪನದ್ದಲ್ಲ. ಅವಳ ತಾಯಿ ಅವಳ ಹೆಸರಿಗೆ ಮಾಡಿಕೊಟ್ಟಿದ್ದು. ಮಂಗಳೂರು ಹೆಂಚಿನ ಮನೆ, ಹಿಂದೆ ಬಾವಿ, ಹನ್ನೊಂದು ತೆಂಗಿನ ಮರ. ಅಣ್ಣ, ನಾನು, ತಮ್ಮ, ಮೂವರೇ ವಾರಸುದಾರರು. ಎರಡು ವರ್ಷ ಬೀಗ ಹಾಕಿದ್ದೆವು. ಗೆದ್ದಲು ಹಿಡಿಯಿತು. 2016ರಲ್ಲಿ ಒಳ್ಳೆಯ ಬೆಲೆಗೆ ಕೇಳುವವರು ಬಂದರು. ಮಗಳ ಇಂಜಿನಿಯರಿಂಗ್ ಓದಿಗೆ ಮಾಡಿದ ಸಾಲ ನನ್ನ ತಲೆಯ ಮೇಲಿತ್ತು, ಅಣ್ಣನಿಗೆ ಮನೆಯ ಮೇಲೆ ಮಹಡಿ ಕಟ್ಟುವ ಆಸೆ, ತಮ್ಮನಿಗೂ ಬೆಂಗಳೂರಿನ ಬಾಡಿಗೆ ಬದುಕಿನಲ್ಲಿ ಹಣ ಬೇಕಿತ್ತು. ರಿಜಿಸ್ಟ್ರೇಷನ್ನಿಗೆ ನಾಲ್ಕು ದಿನವಿರುವಾಗ ಪಾತ್ರೆ ಪಡಗ ತೆಗೆಯಲು ನಾನೊಬ್ಬಳೇ ಹೋಗಿದ್ದೆ. ದೇವರ ಗೂಡಿನಲ್ಲಿ ಅಮ್ಮನ ಹಾಲಿನ ಲೆಕ್ಕದ ಪುಸ್ತಕ ಸಿಕ್ಕಿತು. ಅದರ ಕೊನೆಯ ಹಾಳೆಯಲ್ಲಿ ಬರೆದಿದ್ದಳು: ‘ಈ ಮನೆ ನಮ್ಮಮ್ಮ ನನಗೆ ಕೊಟ್ಟದ್ದು. ಮಾರಕೂಡದು. ಒತ್ತೆ ಇಡಕೂಡದು. ಮೂವರಲ್ಲಿ ಯಾರಿಗೆ ಕಷ್ಟ ಬಂದರೂ ಬಂದು ಇರಲಿ.’

ಓದಿದೆ. ಇನ್ನೊಮ್ಮೆ ಓದಿದೆ. ಪುಸ್ತಕವನ್ನು ಹಿತ್ತಾಳೆ ಕೊಳಗದೊಳಗೆ ಇಟ್ಟು, ಮೇಲೆ ಹಳೆ ಸೀರೆ ತುರುಕಿ, ಮನೆಗೆ ತಂದೆ. ಅಣ್ಣನಿಗೆ ಹೇಳಲಿಲ್ಲ, ತಮ್ಮನಿಗೆ ಹೇಳಲಿಲ್ಲ. ನಾಲ್ಕನೇ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆಸಿಕೊಂಡು ಹೆಬ್ಬೆಟ್ಟು ಒತ್ತಿ ಬಂದೆ.

ಹೆಗ್ರಾದ ಸ್ವಾಗತದ ಕಟ್ಟಡದಲ್ಲಿ ಒಬ್ಬ ಹೆಂಗಸಿನ ಮುಖವಿದೆ. ಹಿನಾತಳ ಗೋರಿಯಲ್ಲಿ ಸಿಕ್ಕ ಎಲುಬುಗಳಲ್ಲಿ ಒಂದು ತಲೆಬುರುಡೆಯನ್ನು ಆಧಾರವಾಗಿಟ್ಟುಕೊಂಡು ತಜ್ಞರು ಮಾಡಿದ್ದು. 2023ರ ಫೆಬ್ರವರಿಯಲ್ಲಿ ಅಲ್ಲಿ ಇಟ್ಟರು. ಅವಳಿಗೂ ಹಿನಾತ್ ಎಂದೇ ಹೆಸರಿಟ್ಟಿದ್ದಾರೆ. ಗೋರಿ ಮಾಡಿಸಿದವಳೇ ಅವಳು ಎಂದೇನೂ ಗೊತ್ತಿಲ್ಲ, ಮಗಳಿರಬಹುದು, ಸೊಸೆಯಿರಬಹುದು. ನಡುವಯಸ್ಸಿನ, ಸ್ವಲ್ಪ ದಣಿದಂತಿರುವ ಮುಖ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರೆ ‘ಸೀಟು ಇದೆ, ಬನ್ನಿ ಕೂತ್ಕೊಳ್ಳಿ’ ಎನ್ನುತ್ತಿದ್ದೆ. ನೋಡುತ್ತ ನಿಂತಾಗ ಮನಸ್ಸಿಗೆ ಇರುಸುಮುರುಸಾಯಿತು. ಬೇರೆಯವರನ್ನು ಇಲ್ಲಿಗೆ ಬಿಡಬೇಡಿ ಎಂದು ಕಲ್ಲಿನಲ್ಲಿ ಕೊರೆಸಿದವಳ ಮನೆಯೊಳಗಿನ ಹೆಂಗಸನ್ನು ಹೊರಗೆ ತಂದು ದೀಪದ ಕೆಳಗೆ ನಿಲ್ಲಿಸಿದ್ದಾರಲ್ಲ ಎನ್ನಿಸಿತು. ಮರುಕ್ಷಣವೇ, ಅಗೆದು ಓದದಿದ್ದರೆ ಹಿನಾತ್ ಎಂಬವಳು ಇದ್ದಳೆಂದು ನನಗೆ ಹೇಗೆ ತಿಳಿಯುತ್ತಿತ್ತು ಎಂದೂ ಅನ್ನಿಸಿತು. ಅಲ್ಲಿನ ಗೋರಿಗಳನ್ನು ಕಳ್ಳರು ಬಹುಹಿಂದೆಯೇ ಒಡೆದು ದೋಚಿದ್ದರು. ಅವರು ಓದಲಿಲ್ಲ. ಪಂಡಿತರು ಓದಿದರು. ಇಬ್ಬರೂ ಒಳಗೆ ಹೋದದ್ದು ನಿಜ, ಆದರೆ ಎರಡೂ ಒಂದೇ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸತ್ತವರ ಮಾತಿಗೆ ಇದ್ದವರು ಎಷ್ಟರ ಮಟ್ಟಿಗೆ ಕಟ್ಟುಬೀಳಬೇಕು? ಕಾನೂನನ್ನು ಕೇಳಿದರೆ ಉತ್ತರ ಸುಲಭ. ಇಬ್ಬರು ಸಾಕ್ಷಿಗಳ ರುಜುವಿಲ್ಲದ ಅಮ್ಮನ ಬರಹ ವಿಲ್ಲೇ ಅಲ್ಲ. ಸರಿಯಾಗಿ ಪತ್ರ ಬರೆಸಿ ಆಸ್ತಿಯನ್ನು ಕೊಟ್ಟು, ಇದನ್ನು ಯಾವತ್ತೂ ಮಾರಕೂಡದು ಎಂದು ಪೂರಾ ಕಟ್ಟು ಹಾಕಿದರೂ ಆ ಕಟ್ಟು ನಿಲ್ಲುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಹಾಗೆ ಹೇಳುತ್ತದೆ. ನಮ್ಮ ಬಂಧುಗಳಲ್ಲಿ ವಕೀಲರೊಬ್ಬರಿದ್ದಾರೆ. ‘ಯಾರೋ ಸ್ನೇಹಿತೆಯ ಮನೆ ವಿಚಾರ’ ಎಂದು ಕೇಳಿ ತಿಳಿದುಕೊಂಡಿದ್ದೇನೆ. ಅದರ ಹಿಂದೆ ವಿವೇಕವೂ ಇದೆ. ಸತ್ತವರೆಲ್ಲ ಹೀಗೆ ಕಟ್ಟು ಹಾಕುತ್ತ ಹೋದರೆ ಹುಟ್ಟುವವರಿಗೆ ಕಾಲೂರಲು ನೆಲ ಎಲ್ಲಿ ಉಳಿದೀತು?

ಪುರಾಣವನ್ನು ಕೇಳಿದರೆ ಅಷ್ಟು ಸುಲಭವಿಲ್ಲ. ಚಿತ್ರಕೂಟದಲ್ಲಿ ಜಾಬಾಲಿ ರಾಮನಿಗೆ ಹೇಳುವುದೂ ಇದೇ ಧಾಟಿಯ ಮಾತು. ದಶರಥ ಹೋದ, ಅವನಿಗೂ ನಿನಗೂ ಈಗೇನು ಸಂಬಂಧ, ರಾಜ್ಯಕ್ಕೆ ಹಿಂತಿರುಗು ಎನ್ನುತ್ತಾನೆ. ರಾಮನಿಗೆ ಸಿಟ್ಟು ಬರುತ್ತದೆ. ಜಾಬಾಲಿ ಹೇಳಿದ್ದು ಪೂರ್ತಿ ಸುಳ್ಳೆಂದು ನನಗೆ ಎಂದೂ ಅನ್ನಿಸಿಲ್ಲ. ಆದರೆ ಒಂದು ವ್ಯತ್ಯಾಸವನ್ನು ನಾನು ಆ ದಿನ ಗಮನಿಸಿದೆ. ರಾಮ ತಂದೆಯ ಮಾತು ಉಳಿಸಿಕೊಂಡು ಸಿಂಹಾಸನ ಕಳೆದುಕೊಂಡ. ನಾನು ತಾಯಿಯ ಮಾತು ಬದಿಗಿಟ್ಟು ಹಣ ಪಡೆದೆ. ಸತ್ತವರ ಮಾತು ಈ ಕಾಲಕ್ಕೆ ನಡೆಯುವಂಥದ್ದಲ್ಲ ಎಂದು ತೀರ್ಪು ಕೊಡುವವರು ಯಾರು ನೋಡಿ, ಬಹುಮಟ್ಟಿಗೆ ಆ ತೀರ್ಪಿನಿಂದ ಲಾಭವಾಗುವವರೇ. ಮಾವ ‘ತಿಥಿಗೆ ಖರ್ಚು ಮಾಡಬೇಡಿ’ ಎಂದದ್ದನ್ನು ನಾವು ತಪ್ಪದೆ ಪಾಲಿಸುತ್ತೇವೆ. ‘ವಿಧವೆ ತಂಗಿಗೆ ವರ್ಷಕ್ಕೆರಡು ಮೂಟೆ ಅಕ್ಕಿ ಕೊಡಿ’ ಎಂದದ್ದು ಮಾತ್ರ ಕಾಲ ಬದಲಾದದ್ದರಿಂದ ನಡೆಯುವುದಿಲ್ಲ!

ಸಂಜೆ ಆನೆ ಬಂಡೆಯ ಬಳಿ ಕೂತೆವು. ಜಬಲ್ ಅಲ್ ಫೀಲ್ ಎಂದು ಅದರ ಹೆಸರು, 52 ಮೀಟರ್ ಎತ್ತರ, ಸೊಂಡಿಲನ್ನು ನೆಲಕ್ಕೆ ಊರಿದ ಆನೆಯೇ ಸರಿ. ಅದನ್ನು ಯಾವ ಉಳಿಯೂ ಮುಟ್ಟಿಲ್ಲ. ಮುಳುಗುವ ಸೂರ್ಯನಿಗೆ ಬಂಡೆ ಕಾವಿಯಾಗಿ, ಕುಂಕುಮವಾಗಿ, ಕಡೆಗೆ ಬೂದಿಯಾಯಿತು. ಮರಳಿನ ಮೇಲೆ ಕೂತು ಮಗಳಿಗೆ ಎಲ್ಲ ಹೇಳಿದೆ. ಏಳು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟದ್ದು.

ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಜ್ಜಿ ಇದ್ದಿದ್ರೆ ನನ್ನ ಫೀಸಿಗೆ ತಾನೇ ಮನೆ ಮಾರ್ತಿದ್ಳು ಕಣಮ್ಮ’ ಎಂದಳು.

‘ಇರಬಹುದು. ಅವಳು ಮಾರಿದ್ದರೆ ಅದು ಅವಳ ತೀರ್ಮಾನ ಆಗ್ತಿತ್ತು.’

‘ಹಾಗಾದ್ರೆ ಮಾರಿದ್ದು ತಪ್ಪು ಅಂತೀಯಾ?’

‘ಮಾರಿದ್ದು ತಪ್ಪೋ ಸರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಚ್ಚಿಟ್ಟದ್ದು ತಪ್ಪು.’

ಹೇಳಿದ ಮೇಲೆಯೇ ನನಗೂ ಅದು ತಿಳಿದದ್ದು. ಮೂವರೂ ಕೂತು ಆ ಹಾಳೆ ಓದಿ, ಅತ್ತು, ಜಗಳವಾಡಿ, ಆಮೇಲೂ ಮಾರಿದ್ದರೆ ಅಮ್ಮನ ಮಾತನ್ನು ಮೀರಿದ ಹಾಗಾಗುತ್ತಿತ್ತು, ನಿಜ. ಆದರೆ ಕೇಳಿಸಿಕೊಂಡು ಮೀರಿದ ಹಾಗೆ. ಹಿನಾತ್ ಬರಹವನ್ನು ಬಾಗಿಲ ಮೇಲೆ ಹಾಕಿಸಿದ್ದು ಅದಕ್ಕೇ ಇರಬೇಕು. ಯಾವ ಶಾಪವೂ ಕಳ್ಳನ ಕೈ ಹಿಡಿಯುವುದಿಲ್ಲ ಎಂದು ಒಂಟೆ ವ್ಯಾಪಾರದವರಿಗೆ ಗೊತ್ತಿರಲಿಲ್ಲವೇ? ಒಳಗೆ ಹೋಗುವವನು ಆ ಮಾತಿನ ಅಡಿಯಲ್ಲೇ ಹಾದುಹೋಗಲಿ ಎಂದು ಬರೆಸಿದ್ದಾಳೆ. ನಾನು ನನ್ನ ಅಣ್ಣತಮ್ಮಂದಿರನ್ನು ಆ ಮಾತಿನ ಅಡಿಯಲ್ಲಿ ಹಾದುಹೋಗಲು ಬಿಡಲಿಲ್ಲ. ಬರಹವಿದ್ದ ಕಲ್ಲನ್ನೇ ಕಿತ್ತು ಕೊಳಗದಲ್ಲಿಟ್ಟೆ.

ಇನ್ನೊಂದನ್ನು ಮಗಳಿಗೆ ಹೇಳಲು ನನಗೆ ಆ ದಿನ ಆಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ತಮ್ಮನ ಕೆಲಸ ಹೋಯಿತು. ಹೆಂಡತಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು ಬಿಟ್ಟು ಬಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ತಿಂಗಳಿದ್ದ. ಯಜಮಾನರು ಒಂದು ದಿನಕ್ಕೂ ಮುಖ ಸಿಂಡರಿಸಲಿಲ್ಲ, ಆದರೂ ತಂಗುವವನಿಗೆ ತಂಗಿದ ಸಂಕೋಚ ಇದ್ದೇ ಇರುತ್ತದಲ್ಲ. ಒಂದು ಬೆಳಿಗ್ಗೆ ನಾನು ಕಾಫಿ ಬಗ್ಗಿಸುತ್ತಿದ್ದಾಗ, ‘ಅಮ್ಮನ ಮನೆ ಇದ್ದಿದ್ರೆ ಅಲ್ಲೇ ಇರಬಹುದಿತ್ತು ಅಕ್ಕ’ ಎಂದ. ಒಂದೇ ಸಲ ಅಂದದ್ದು. ಆಪಾದನೆಯಾಗಿ ಅಲ್ಲ, ಸುಮ್ಮನೆ. ನಾನು ಕಾಫಿ ಲೋಟ ಅವನ ಮುಂದಿಟ್ಟು ಒಳಗೆ ಹೋದೆ. ಮೂವರಲ್ಲಿ ಯಾರಿಗೆ ಕಷ್ಟ ಬಂದರೂ ಬಂದು ಇರಲಿ. ಬೀರುವಿನಲ್ಲಿದ್ದ ಆ ಸಾಲು ಅವನಿಗೇ ಬರೆದಂತಿತ್ತು, ಅವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದರೆ 2016ರಲ್ಲಿ ಅವನು ರುಜು ಹಾಕುತ್ತಿರಲಿಲ್ಲವೇ? ಹಾಕುತ್ತಿದ್ದನೇನೋ. ಅದನ್ನು ತೀರ್ಮಾನಿಸುವ ಹಕ್ಕು ಅವನದಾಗಿತ್ತು. ಸತ್ತವರಿಗೆ ನೋವಾಗುವುದಿಲ್ಲ ಎನ್ನುತ್ತಾರಲ್ಲ, ಒಪ್ಪೋಣ. ಅವರ ಮಾತು ನುಂಗಿದರೆ ಇದ್ದವರಿಗೇ ಎಲ್ಲೋ ನೋವಾಗಿರುತ್ತದೆ.

ಊರಿಗೆ ಬಂದ ಮೇಲೂ ಮೂರು ತಿಂಗಳು ತಡಮಾಡಿದೆ. ಪರೀಕ್ಷೆ, ಮೌಲ್ಯಮಾಪನ, ನೆಪಗಳಿಗೇನು ಬರ. ಸಂಕ್ರಾಂತಿಯ ಮಾರನೆಯ ದಿನ ಆ ಹಾಳೆಯನ್ನು ಎರಡು ಜೆರಾಕ್ಸ್ ಮಾಡಿಸಿ, ಜೊತೆಗೆ ನಡೆದದ್ದನ್ನು ಬರೆದು, ಅಂಚೆಯಲ್ಲಿ ಇಬ್ಬರಿಗೂ ಕಳಿಸಿದೆ. ಫೋನಿನಲ್ಲಿ ಹೇಳುವ ಧೈರ್ಯವಿರಲಿಲ್ಲ.

ಅಣ್ಣ ಫೋನು ಮಾಡಿದ. ‘ಅಮ್ಮನ ಅಕ್ಷರ ನೋಡಿ ಎಷ್ಟು ವರ್ಷ ಆಯ್ತೇ’ ಎಂದ. ಆಮೇಲೆ, ‘ನೀನು ಆಗಲೇ ತೋರಿಸಬೇಕಿತ್ತು’ ಎಂದು ಇಟ್ಟುಬಿಟ್ಟ. ಈಗ ಮೊದಲಿನಂತೆಯೇ ಮಾತಾಡುತ್ತಾನೆ, ಆದರೆ ಮೊದಲಿನಷ್ಟು ಹೊತ್ತು ಮಾತಾಡುವುದಿಲ್ಲ.

ತಮ್ಮ ಫೋನು ಮಾಡಲಿಲ್ಲ. ಎರಡು ವಾರ ಬಿಟ್ಟು ಒಂದು ಭಾನುವಾರ ಹೇಳದೆ ಕೇಳದೆ ಬಂದ. ಊಟ ಮಾಡಿದ ಮೇಲೆ ‘ಆ ಪುಸ್ತಕ ಕೊಡು’ ಎಂದ. ಕೊಟ್ಟೆ. ಕೊನೆಯ ಹಾಳೆಗೆ ಹೋಗಲೇ ಇಲ್ಲ. ಮೊದಲಿನಿಂದ ಒಂದೊಂದೇ ಹಾಳೆ ತಿರುವುತ್ತ ಕೂತ. ‘2009ರಲ್ಲಿ ಲೀಟರಿಗೆ ಹದಿನಾರು ರೂಪಾಯಿ ನೋಡು’ ಎಂದ. ‘ಇಲ್ಲಿ ನಾನು ಬಂದಿದ್ದೆ ಅನ್ಸುತ್ತೆ, ಒಂದು ಲೀಟರ್ ಜಾಸ್ತಿ ಹಾಕ್ಸಿದಾಳೆ’ ಎಂದ. ಬಸ್ಸಿನ ಹೊತ್ತಾಗುವವರೆಗೂ ಹಾಗೇ ಓದುತ್ತಿದ್ದ. ಎದ್ದಾಗ, ‘ಇದು ನನ್ನ ಹತ್ರ ಇರಲಾ ಅಕ್ಕ?’ ಎಂದು ಕೇಳಿದ.

ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟು ಕಳಿಸಿದೆ.